ಬರ್ಮಾ ಸಾಗವಾನಿಯ ಬಾಯಿತುಂಡುಗಳು

ಜತ್ತ ರೋಡ ಸ್ಟೇಶನ್ನಿಗೆ ಜತ್ತದ ಹೆಸರಿದೆಯೇ ಹೊರತು ಅಲ್ಲಿ ಊರಿಲ್ಲ. ಊರು ಮುಟ್ಟಬೇಕಾದರೆ ಚಕ್ಕಡಿಯಲ್ಲಿ ಅರ್ಧ ದಿನ ಬೇಕು. ಮೀರಜಿನಿಂದ ಬರುವ ಸಣ್ಣ ರೈಲು ದಿನಕ್ಕೆರಡು ಸಲ ನಿಲ್ಲುತ್ತಿತ್ತು. ಅದು ಹೊರಟುಹೋದ ಮೇಲೆ ಉಳಿಯುತ್ತಿದ್ದದ್ದು ಸ್ಟೇಶನ್ ಮಾಸ್ತರರು, ಅವರ ಮನೆಯವರು, ಒಂದು ಬೇವಿನ ಗಿಡ, ನಾನು ಮತ್ತು ನಮ್ಮ ಇಪ್ಪತ್ನಾಲ್ಕು ದಿಮ್ಮಿಗಳು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲಿನ ಎರಡನೆಯದೋ ಮೂರನೆಯದೋ ಬೇಸಿಗೆ ಅದು.

ದಿಮ್ಮಿಗಳು ಬರ್ಮಾ ಸಾಗವಾನಿ, ರಂಗೂನಿನಲ್ಲೇ ಚೌಕಾಗಿ ಕಡಿದವು. ಹಡಗಿನಲ್ಲಿ ಮುಂಬಯಿಗೆ ಬಂದು, ಕಸ್ಟಮಿನ ಕಟ್ಟೆ ದಾಟಿ, ರೈಲಿನಲ್ಲಿ ಮೀರಜಿಗೆ ಬಂದು, ಅಲ್ಲಿ ಸಣ್ಣ ರೈಲಿನ ಬಯಲು ಡಬ್ಬಿಗಳಿಗೆ ಏರಿದ್ದವು. ಉದ್ದನೆಯವಕ್ಕೆ ಒಂದು ಡಬ್ಬಿ ಸಾಲದೆ ಎರಡು ಡಬ್ಬಿಗಳ ಮೇಲೆ ಮಲಗಿಸಿ ತಂದಿದ್ದರು. ತರಿಸಿದವರು ಜತ್ತದ ಕಟ್ಟಿಗೆ ಅಡ್ಡೆಯ ಸಾವ್ಕಾರರು. ತಾಲೂಕಿನ ಹೊಸ ಸಾಲೆಗಳಿಗೆ ಬಾಗಿಲು, ಕೂರುವ ಬಾಕು, ಮೇಜು ಮಾಡಿಕೊಡುವ ಕೆಲಸ ಹಿಡಿದಿದ್ದರು. ಹೊರದೇಶದ ಮಾಲು ತರಿಸುವ ಪರವಾನಗಿಗಾಗಿ ಅರವತ್ತು ದಾಟಿದ ಆ ಮನುಷ್ಯ ಆರು ತಿಂಗಳು ಮುಂಬಯಿಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದ್ದರು. ನಾನು ಅವರ ಅಳತೆಗಾರ. ಮುಂಬಯಿಯ ಲಾಕಡಿ ಬಂದರದಲ್ಲಿ ಕಟ್ಟಿಗೆ ಅಳೆಯುವುದನ್ನು ಕಲಿತು ಬಂದವನೆಂದು ಎಲ್ಲರೂ ನನ್ನನ್ನು ಮಿಸ್ತ್ರಿ ಅನ್ನುತ್ತಿದ್ದರು. ಉಳಿ ಹಿಡಿದು ಒಂದು ಮಣೆ ಮಾಡಿದವನೂ ಅಲ್ಲ ನಾನು.

ಸ್ಟೇಶನ್ ಅಂಗಳದಿಂದ ಕಟ್ಟಿಗೆ ಹೊರಗೆ ಹೋಗಬೇಕಾದರೆ ಈಗ ಜಂಗಲ್ ಖಾತೆಯ ಪಾಸು ಬೇಕಾಗಿತ್ತು. ಸಂಸ್ಥಾನದ ಕಾಲದಲ್ಲಿ ಒಂದು ಚೀಟಿ ಸಾಕಿತ್ತು. ಪಾಸು ಬರುವತನಕ ಯಾರಾದರೂ ಮಾಲು ಕಾಯಬೇಕಲ್ಲ. ಸಾವ್ಕಾರರು ಕೇಳುವ ಮೊದಲೇ ನಾನು ಹೋಗುತ್ತೇನೆ ಅಂದೆ. ಹಿಂದಿನ ದೀಪಾವಳಿಯ ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಡಫಳಾಪುರದ ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತರೆ ಅತ್ತಿಗೆ ಕೇಳದೆಯೇ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದಳು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ಹೊರಡುವಾಗ ಸಾವ್ಕಾರರು, "ಎಲ್ಲಾ ನಿನ್ನ ಮ್ಯಾಲ ಬಿಟ್ಟೀನಿ ನೋಡಪಾ. ಈ ವಯಸ್ಸಿನ್ಯಾಗ ನನ್ನ ಹೆಸರಿಗಿ ಮಣ್ಣ ಹಚ್ಚಬ್ಯಾಡ" ಅಂದರು. ಹೂಂ ಅಂದೆ.

ಪಾಸು ಹದಿನೈದು ದಿನವಾದರೂ ಬರಲಿಲ್ಲ. ಬಿಸಿಲಂತೂ ಸುಡುತ್ತಿತ್ತು. ಸಮುದ್ರದ ಗಾಳಿ ಕುಡಿದು ಬಂದ ಕಟ್ಟಿಗೆ ನಮ್ಮ ಒಣ ಗಾಳಿಗೆ ತಡೆಯಲಿಲ್ಲ. ತುದಿಗಳಲ್ಲಿ ಬಿರುಕು ಕಾಣಿಸಿತು. ಮೊದಲು ಕೂದಲೆಳೆಯಷ್ಟು, ವಾರದಲ್ಲಿ ಉಗುರು ಹೋಗುವಷ್ಟು. ಸೆಗಣಿ ಮಣ್ಣು ಕಲೆಸಿ ಬಳಿದೆ, ಗೋಣಿ ತೋಯಿಸಿ ಹೊದಿಸಿದೆ. ಎಂಜಿನ್ನಿಗೆಂದು ಇಟ್ಟ ನೀರನ್ನು ಕೊಡ ಕೊಡ ಎತ್ತಿ ಒಯ್ಯುವುದನ್ನು ನೋಡಿ ಮಾಸ್ತರರು, "ಮಿಸ್ತ್ರಿ, ರೈಲಿಗೆ ಸ್ವಲ್ಪ ಉಳಸ್ರಿ" ಅಂದರು.

ನಮ್ಮ ಕಡೆಯ ಬಡಿಗೇರರಲ್ಲಿ ಒಂದು ಪದ್ಧತಿಯಿದೆ. ತುದಿ ಸೀಳಿದ ಕಟ್ಟಿಗೆಗೆ ಬಾಯಿ ಒಡೆದದ್ದು ಅನ್ನುತ್ತಾರೆ. ಅದನ್ನು ಹಾಗೆಯೇ ಅಡ್ಡೆಯೊಳಗೆ ತರುವುದಿಲ್ಲ. ಆರು ಬೆರಳು ದಪ್ಪಕ್ಕೆ ಆ ತುದಿಯನ್ನು ಕೊಯ್ದು ತೆಗೆದರೆ ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಕೊಯ್ದ ಬಾಯಿತುಂಡನ್ನು ಮಾರಬಾರದು, ತಾವೂ ಇಟ್ಟುಕೊಳ್ಳಬಾರದು, ಕೇಳಿದವರಿಗೆ ಕೊಟ್ಟುಬಿಡಬೇಕು. ನನ್ನ ಬುದ್ಧಿಗೆ ಅದಕ್ಕಿಂತ ಬೇರೇನೂ ಹೊಳೆಯಲಿಲ್ಲ. ಹತ್ತಿರದ ಹಳ್ಳಿಯಿಂದ ಕೊಯ್ಯುವ ಮುದುಕನನ್ನೂ ಅವನ ಜೋಡಿಯವನನ್ನೂ ಕರೆಸಿದೆ. ಒಬ್ಬ ಆಚೆ, ಒಬ್ಬ ಈಚೆ ಕುಳಿತು ಎರಡು ಹಿಡಿಕೆಯ ಗರಗಸ ಎಳೆದರು. ಬಿರುಕು ಬಿದ್ದದ್ದು ಬುಡದ ತುದಿಗೇ ಹೆಚ್ಚು. ನಾಲ್ಕು ದಿನದಲ್ಲಿ ಇಪ್ಪತ್ನಾಲ್ಕು ಬುಡಗಳೂ ಹಸನಾದವು. ಕೆಲಸ ಚಲೋ ಆಯಿತೆಂದು ಮುದುಕನಿಗೆ ಎಲೆ ಅಡಿಕೆಯನ್ನೂ ಕೊಟ್ಟೆ.

ಚೌಕದ ಆ ತುಂಡುಗಳು ನೋಡಲು ಮಣೆಯ ಹಾಗಿದ್ದವು. ಜನ ಕೇಳಿ ಬಂದರು. ನಾನೂ ಒಂದು ಷರತ್ತು ಹಾಕಿದೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಇತ್ತು. ಬಂದವರು ಬೇವಿನ ನೆರಳಲ್ಲಿ ನನ್ನ ಜೊತೆ ಒಂದಿಷ್ಟು ಹೊತ್ತು ಕುಳಿತು ಮಾತಾಡಿ ಹೋಗಬೇಕು. ಅವಸರದಲ್ಲಿದ್ದವನಿಗೆ ನಾಳೆ ಬಾ ಅನ್ನುತ್ತಿದ್ದೆ. ಹೀಗೆ ಒಂದೊಂದೇ ಎಲ್ಲವೂ ಹೋದವು. ಕೊನೆಯದು ಹೋದ ದಿನ ಸಂಜೆಯ ರೈಲಿನಿಂದ ಯಾರೂ ಇಳಿಯಲಿಲ್ಲ. ಇನ್ನು ಯಾರೂ ಬಂದು ಕುಳಿತುಕೊಳ್ಳುವುದಿಲ್ಲವೆಂದು ಆಗ ಹೊಳೆಯಿತು.

ನಾನು ಬಂದು ಎರಡು ತಿಂಗಳಾಗುವ ಹೊತ್ತಿಗೆ ಜಂಗಲ್ ಖಾತೆಯ ರೇಂಜರ್ ಸಾಹೇಬರು ಬಂದರು. ಧಾರವಾಡದ ಕಡೆಯವರು, ಎತ್ತರದ ಆಳು, ಮಾತು ಕಡಿಮೆ. ರಂಗೂನಿನ ಪಟ್ಟಿ ಕೈಯಲ್ಲಿ ಹಿಡಿದು ದಿಮ್ಮಿಗಳ ಸುತ್ತ ಎರಡು ಸಲ ತಿರುಗಿದರು.

"ಮಿಸ್ತ್ರಿ, ಪಟ್ಟಿಯೊಳಗ ಒಂದೊಂದು ದಿಮ್ಮಿ ಬುಡಕ್ಕೂ ಠಸ್ಸೆ, ನಂಬರು ಅಂತ ಬರದಾರ. ಎಲ್ಲದಾವ್ರಿ ಅವು?"

ಠಸ್ಸೆಯೆಂದರೆ ಮಾರುವವರು ಉಕ್ಕಿನ ಸುತ್ತಿಗೆಯಿಂದ ಹೊಡೆದು ಮೂಡಿಸಿದ ಗುರುತು. ವರ್ತುಲದಲ್ಲಿ ಒಂದು ನಕ್ಷತ್ರ, ಕೆಳಗೆ ನಂಬರು. ನಾನು ಅದನ್ನು ನೋಡಿದ್ದೆ. ಅದರ ಮೇಲೆಯೇ ಸೆಗಣಿ ಬಳಿದಿದ್ದೆ. ಸಂಸ್ಥಾನದ ಕಾಲದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಎಣಿಸುತ್ತಿದ್ದರು, ಬಿಡುತ್ತಿದ್ದರು.

"ಕೊಯ್ಸೇನ್ರಿ ಸಾಹೇಬ್ರ. ಬಾಯಿ ಒಡದಿದ್ವು."

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳುತ್ತಿದ್ದಾನೋ, ದಡ್ಡನೋ ಎಂದು ಅಳೆಯುವ ನೋಟ. ಟೇಪು ತೆಗೆದು ಒಂದು ದಿಮ್ಮಿಯ ಉದ್ದ ನೋಡಿದರು. ಪಟ್ಟಿಗಿಂತ ಆರು ಬೆರಳು ಕಡಿಮೆ. ಇನ್ನೊಂದು ನೋಡಿದರು, ಅದೂ ಅಷ್ಟೇ.

"ದಾಂಡೇಲಿ ಅಡವ್ಯಾಗ ಕದ್ದು ಕಡದ ಸಾಗವಾನಿನೂ ಹಿಂಗ ಇರತೈತಿ. ರಂಗೂನಿನ ಮಾಲು ಎಲ್ಲೋ ಮಾರಿ, ಆ ಕಾಗದದ ಮ್ಯಾಲ ಕಳವಿನ ಮಾಲು ತಂದು ಇಟ್ಟಾರ ಅಂತ ನಾ ಬರದರ, ಅಲ್ಲ ಅನ್ನಾಕ ನಿಮ್ಮ ಕಡೆ ಏನೈತಿ?"

ಏನೂ ಇರಲಿಲ್ಲ.

"ಮಾಲು ಜಪ್ತಿ ಆಗತೈತಿ, ನಿಮ್ಮ ಸಾವ್ಕಾರ್ರ ಮ್ಯಾಲ ಖಟ್ಲೆ ಆಗತೈತಿ. ಎಂಟು ದಿವಸ ಬಿಟ್ಟು ಮತ್ತ ಬರತೀನಿ. ತೋರಸಾಕ ಏನರೆ ಇದ್ದರ ತೋರಸ್ರಿ."

ಆ ಸಂಜೆ ಊಟ ಮಾಡಲಿಲ್ಲ. ಸಾವ್ಕಾರರಿಗೆ ಬೇಡಿ ಹಾಕಿ ಜತ್ತದ ಪೇಟೆಯಲ್ಲಿ ನಡೆಸಿಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು. ಹಣೆಗೆ ವಿಭೂತಿ ಹಚ್ಚದೆ ನೀರು ಕುಡಿಯದ ಮನುಷ್ಯ ಕಳ್ಳ ಅನ್ನಿಸಿಕೊಳ್ಳಬೇಕು, ಅದೂ ನನ್ನಿಂದ. ಮರುದಿನ ಬೆಳಿಗ್ಗೆ ಕೊಯ್ಯುವ ಮುದುಕ ಸುದ್ದಿ ತಿಳಿದು ಬಂದ.

"ಇಷ್ಟಕ್ಕ ಯಾಕ ತಲಿ ಕೆಡಸಕೋತಿ? ನನ್ನ ಮನಿಯಾಗಿನ ತುಂಡಿನ ಮ್ಯಾಲ ಆ ಚುಕ್ಕಿ ಐತಲ್ಲ, ಅದನ್ನ ನೋಡಿ ಕಮ್ಮಾರ ಒಂದ ಠಸ್ಸೆ ಮಾಡಿಕೊಡ್ತಾನ. ಇಪ್ಪತ್ನಾಕು ಏಟು, ಮುಗೀತು."

ಸುಲಭವಿತ್ತು. ಒಂದು ಗಳಿಗೆ ಮನಸ್ಸು ಅತ್ತ ವಾಲಿದ್ದೂ ನಿಜ. ಆದರೆ ಹೊಸದಾಗಿ ಕೊಯ್ದ ಮುಖದ ಮೇಲೆ ಹೊಸ ಠಸ್ಸೆ ಬಿದ್ದರೆ ಆ ಸಾಹೇಬರ ಕಣ್ಣಿಗೆ ಬೀಳದೆ ಇರುತ್ತದೆಯೇ? ಈಗ ಇರುವುದು ದಡ್ಡತನ, ಆಗ ಆಗುವುದು ಕಳ್ಳತನವೇ. ಮುದುಕನಿಗೆ ಹೇಳಿದೆ, "ಕಮ್ಮಾರ ಬ್ಯಾಡ ಕಾಕಾ. ನಿನ್ನ ಮನಿಯಾಗಿನ ತುಂಡು ತಂದ ಕೊಡು. ಉಳದದ್ದು ನಾ ತರತೀನಿ."

"ಎಲ್ಲಾನೂ? ಯಾರ್ಯಾರು ಒಯ್ದಾರ ಅಂತ ನೆಪ್ಪೈತೇನು?"

ನೆನಪಿತ್ತು. ಅದನ್ನು ನಾನೇ ಆಗ ಕಂಡುಕೊಂಡೆ. ಎರಡು ತಿಂಗಳಲ್ಲಿ ನನ್ನ ಜೊತೆ ಕುಳಿತು ಮಾತಾಡಿದವರು ಅಷ್ಟೇ ಮಂದಿ. ಒಬ್ಬೊಬ್ಬರ ಮಾತೂ ನನಗೆ ಬಾಯಿಪಾಠವಾಗಿತ್ತು. ಯಾರ ಎಮ್ಮೆ ಈಯಬೇಕಾಗಿತ್ತು, ಯಾರ ಮಗಳನ್ನು ನೋಡಲು ಮಂಗಳವೇಢೆಯಿಂದ ಬಂದಿದ್ದರು, ಯಾರಿಗೆ ಹಲ್ಲುಬೇನೆ. ಜನರ ನಡುವೆ ಇದ್ದವನಾಗಿದ್ದರೆ ಇಪ್ಪತ್ನಾಲ್ಕರಲ್ಲಿ ಹತ್ತೂ ನೆನಪಿರುತ್ತಿರಲಿಲ್ಲ. ನನ್ನ ಹತ್ತಿರವಿದ್ದ ಪಟ್ಟಿಯ ನಕಲಿನ ಬೆನ್ನಿಗೆ ಪೆನ್ಸಿಲಿನಿಂದ ಎಲ್ಲರನ್ನೂ ಬರೆದುಕೊಂಡೆ.

ಮಾಸ್ತರರು ತಮ್ಮ ಸೈಕಲ್ಲು ಕೊಟ್ಟರು. ತಮ್ಮ ಮನೆಯವರು ಕುಳಿತು ಬಟ್ಟೆ ಒಗೆಯುತ್ತಿದ್ದ ತುಂಡನ್ನೂ ತಾವೇ ತಂದಿಟ್ಟು, ಅಂಗಳ ನಾನು ನೋಡಿಕೊಳ್ಳುತ್ತೇನೆ ಹೋಗಿರಿ ಅಂದರು. ಮೊದಲ ಮೂರು ದಿನ ಸುತ್ತಲಿನ ಹಳ್ಳಿಗಳು. ಹಿಂದೆ ಎರಡು ತುಂಡು, ಹ್ಯಾಂಡಲಿಗೆ ಚೀಲದಲ್ಲಿ ಒಂದು ಕಟ್ಟಿಕೊಂಡರೆ ಸೈಕಲ್ಲು ಏರಲ್ಲಿ ಮೂತಿ ಎತ್ತುತ್ತಿತ್ತು, ಇಳಿದು ತಳ್ಳಬೇಕು. ಒಂದು ಮನೆಯಲ್ಲಿ ತುಂಡು ಬೀಸುವ ಕಲ್ಲಿನ ಕೆಳಗಿತ್ತು. ಇನ್ನೊಂದರಲ್ಲಿ ಕೋಳಿಬುಟ್ಟಿಯ ಮೇಲೆ. ಕೊಟ್ಟದ್ದನ್ನು ತಿರುಗಿ ಕೇಳುವುದೆಂದರೆ ನಾಚಿಕೆಯ ಕೆಲಸ. ಒಬ್ಬ ಹೆಣ್ಣುಮಗಳು, "ಮಿಸ್ತ್ರಿ, ಒಂದ ಕಟ್ಟಿಗಿ ತುಂಡಿಗೆ ಇಷ್ಟ ದೂರ ಬಂದಿ ಅಂದರ ನಿನಗ ಬ್ಯಾರೆ ಉದ್ಯೋಗ ಇಲ್ಲ ಬಿಡು" ಎಂದು ನಕ್ಕು, ಮಜ್ಜಿಗೆ ಕುಡಿಸಿಯೇ ಕೊಟ್ಟಳು. ಕಥೆ ಹೇಳಿದರೆ ಯಾರೂ ಇಲ್ಲ ಅನ್ನಲಿಲ್ಲ.

ಡಫಳಾಪುರದಲ್ಲೂ ಒಂದಿತ್ತು. ಅಣ್ಣ ನನ್ನನ್ನು ನೋಡಲು ಸ್ಟೇಶನ್ನಿಗೆ ಬಂದಾಗ ಒಯ್ದಿದ್ದ. ಅತ್ತಿಗೆ ಅದರ ಮೇಲೆ ಕೊಡ ಇಟ್ಟಿದ್ದಳು. ಉಂಡು ಹೋಗು ಅಂದಳು, ಹೊತ್ತಾಗುತ್ತದೆ ಅಂದೆ. ಅಣ್ಣ, "ಹೊಲಕ್ಕ ಹೋಗಿ ಬರೂಣ ಬಾ" ಅಂದ. ನನ್ನ ಹೆಂಡತಿಯನ್ನು ಹೊಲದ ಬದುವಿನ ಹತ್ತಿರವೇ ಮಣ್ಣು ಮಾಡಿದ್ದು. ಮುಂದಿನ ಸಲ ಬರುತ್ತೇನೆಂದು ಹೇಳಿ ಸೈಕಲ್ಲು ತಿರುಗಿಸಿದೆ.

ಗುಡ್ಡಾಪುರದ ದಾನಮ್ಮ ದೇವಿಗೆ ನಡೆದುಕೊಳ್ಳುವವರು ಇಬ್ಬರು ರೈಲಿನಿಂದಿಳಿದು ಒಯ್ದಿದ್ದರು. ಒಬ್ಬಾಕೆ ಗುಡಿಯ ಮುಂದೆ ಕಾಯಿ ಮಾರುವವಳು, ಅದರ ಮೇಲೆಯೇ ಕುಳಿತಿದ್ದಳು. ಇನ್ನೊಬ್ಬಾಕೆಯದು ಪಕ್ಕದ ಓಣಿಯಲ್ಲೇ ಸಿಕ್ಕಿತು. ಐದನೆಯ ದಿನಕ್ಕೆ ಇಪ್ಪತ್ಮೂರು ಆದವು. ಉಳಿದದ್ದು ಹದಿನೇಳನೆಯ ನಂಬರು, ಎಲ್ಲಕ್ಕಿಂತ ಉದ್ದದ ದಿಮ್ಮಿಯದು. ಅದನ್ನು ಒಯ್ದವನು ಒಬ್ಬ ಕುರಿಗಾರ ಮುದುಕ. ಹೆಂಡತಿಗೆ ಮೊಣಕಾಲು ಬಾತು ನೆಲಕ್ಕೆ ಕೂರಲು ಆಗುವುದಿಲ್ಲ, ಅವಳಿಗೊಂದು ಮಣೆಯಾಗುತ್ತದೆ ಎಂದು ಹೆಗಲ ಮೇಲೆ ಹೊತ್ತು ಹೋಗಿದ್ದ. ಅಸಂಗಿಯ ಕಡೆಯವನು. ಹಿಂಡು ಊರಿಗೆ ಮರಳಿದೆಯೆಂದು ಗುಡ್ಡಾಪುರದಲ್ಲಿ ತಿಳಿಯಿತು.

ಅಸಂಗಿಯ ಹೊರಗೆ ಕುರಿ ತರುಬುವ ಮುಳ್ಳುಬೇಲಿಯ ಹತ್ತಿರ ಅವನು ಸಿಕ್ಕ. ನನ್ನನ್ನು ನೋಡಿ ಕಂಬಳಿ ಹಾಸಿದ. ಏನು ಹೇಳಬೇಕೆಂದು ಹಾದಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು ಎದ್ದ.

"ಐತಿ, ಬಾ ತಮ್ಮಾ."

ಮನೆಗೆ ಕರೆದೊಯ್ಯುತ್ತಾನೆ ಅಂದುಕೊಂಡಿದ್ದೆ. ಬೇಲಿ ದಾಟಿ ಒಂದು ದಿಬ್ಬದ ಹಿಂದೆ ಹೋದ. ಅಲ್ಲಿ ಹೊಸ ಮಣ್ಣಿನ ಗುಪ್ಪೆಯ ತಲೆಯ ಕಡೆ ನಮ್ಮ ತುಂಡು ಇತ್ತು. ಅಂಚಿನಲ್ಲಿ ಮಣ್ಣು ಒತ್ತಿ ಗಟ್ಟಿ ಮಾಡಿದ್ದ. ನಕ್ಷತ್ರವೂ ಹದಿನೇಳೂ ಮೇಲೆ ಮುಖ ಮಾಡಿದ್ದವು, ಕುಂಕುಮ ಹಚ್ಚಿತ್ತು.

"ಎಂಟೊಂಬತ್ತು ದಿವಸ ಕುಂತಳ ನೋಡು ಇದರ ಮ್ಯಾಲ. ಭಾಳ ಚಲೋ ಆತು ಅಂದಳು. ಆಮ್ಯಾಲ ಜ್ವರ ಬಂತು." ಅವನು ಕೂತು ಅಂಗೈಯಿಂದ ತುಂಡಿನ ಮೇಲಿನ ಧೂಳು ಒರೆಸಿದ. "ಇದರ ಮ್ಯಾಲ ಅಕ್ಷರ ಅದಾವಲ್ಲ. ನಮಗ ಓದಾಕ ಬರಾಂಗಿಲ್ಲ. ಏನೋ ಒಂದ ಬರದೈತಿ, ಆಕಿ ತಲಿ ಕಡೆ ಇರಲಿ ಅಂತ ಇಟ್ಟೆ. ಈಗ ನಿಮಗ ಬೇಕಾದರ ಒಯ್ರಿ. ನಿಮ್ಮದ ಐತಲ್ಲ."

ಎರಡೂ ಕೈ ಮಣ್ಣಿಗೆ ಹಾಕಿ ತುಂಡನ್ನು ಕೀಳಲು ಹೊರಟ. ನಾನು ಅವನ ರಟ್ಟೆ ಹಿಡಿದೆ.

"ತಡಿ ಅಜ್ಜಾ. ನೋಡಲಿ." ಬಗ್ಗಿ ಬಹಳ ಹೊತ್ತು ನೋಡಿದ ಹಾಗೆ ಮಾಡಿದೆ. "ಇದು ನಮ್ಮದಲ್ಲ. ನಮ್ಮ ನಂಬರ ಬ್ಯಾರೆ."

"ನಿಮ್ಮ ಕಡಿಂದನ ತಂದೀನಲ್ಲಪಾ."

"ಬ್ಯಾರೆ ಸಾವ್ಕಾರ್ರ ಮಾಲೂ ಇತ್ತಲ್ಲಿ. ನನ್ನ ಲೆಕ್ಕ ತಪ್ಪೇತಿ."

ಬೇರೆ ಸಾವ್ಕಾರರ ಮಾಲು ಅಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅವನು ನಂಬಿದ. ಅವನ ಮುಖ ಹಗುರಾದದ್ದು ಕಂಡಿತು. ಇಷ್ಟು ದೂರ ಸುಮ್ಮನೆ ತುಳಿದುಕೊಂಡು ಬಂದೆಯಲ್ಲ ಎಂದು ಹಾಲು ಕಾಯಿಸಿ ಕೊಟ್ಟ. "ನಿಮ್ಮ ಮನಿಯಾಗ ಯಾರ್ಯಾರದಾರ?" ಎಂದು ಕೇಳಿದ. ಎಲ್ಲಾರೂ ಅದಾರ ಅಂದೆ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ಸಲೀಸಾಗಿ ಬಂತು. ಜತ್ತದ ದಾರಿಯಲ್ಲಿ ಒಂದು ಕಡೆ ಸೈಕಲ್ಲು ನಿಲ್ಲಿಸಿ, ಯಾರೂ ಇಲ್ಲವೆಂದು ನೋಡಿಕೊಂಡು, ಬಾಯಿಬಿಟ್ಟು ಅತ್ತೆ. ಹೆಂಡತಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಎಂಟನೆಯ ದಿನ ರೇಂಜರ್ ಸಾಹೇಬರು ಬರುವಷ್ಟರಲ್ಲಿ ಇಪ್ಪತ್ಮೂರು ತುಂಡುಗಳನ್ನು ಆಯಾ ದಿಮ್ಮಿಯ ಬುಡಕ್ಕೆ ಜೋಡಿಸಿದ್ದೆ. ಹೇಗೆ ಗುರುತಿಸಿದಿರಿ ಎಂದು ಕೇಳಿದರು. ನೀರು ತಂದು ಎರಡೂ ಮುಖಗಳಿಗೆ ಚಿಮುಕಿಸಿದೆ. ತೋಯ್ದ ಸಾಗವಾನಿಯಲ್ಲಿ ಕರಿ ಗೆರೆ ಎದ್ದು ಕಾಣುತ್ತದೆ, ಒಂದು ದಿಮ್ಮಿಯ ಗೆರೆ ಇನ್ನೊಂದಕ್ಕಿರುವುದಿಲ್ಲ. ತಿರುಳು ನಡುವಿನಿಂದ ಯಾವ ಕಡೆ ಎಷ್ಟು ಸರಿದಿದೆ, ವರ್ಷದ ಬಳೆಗಳು ಎಲ್ಲಿ ದಟ್ಟ, ಎಲ್ಲಿ ಬಿಡಿ, ಬಿರುಕಿನ ಬಾಲ ಕೂದಲೆಳೆಯಷ್ಟು ದಿಮ್ಮಿಯಲ್ಲಿ ಎಲ್ಲಿ ಉಳಿದಿದೆ, ಇವು ನಾಲ್ಕೂ ಕೂಡಿದರೆ ಸುಳ್ಳು ಹೇಳಲಾಗುವುದಿಲ್ಲ. ಸಾಹೇಬರು ನನ್ನನ್ನು ಬೇವಿನ ಗಿಡದ ಕಡೆ ಮುಖ ಮಾಡಿ ನಿಲ್ಲಿಸಿ ಎರಡು ತುಂಡುಗಳನ್ನು ಅದಲು ಬದಲು ಮಾಡಿ ಎಲ್ಲ ಠಸ್ಸೆಗಳ ಮೇಲೂ ಗೋಣಿ ಮುಚ್ಚಿದರು. ತಿರುಗಿ ನೋಡಿ ಹೇಳಿದೆ, "ಇದು ಆರನೇದರದು, ಹನ್ನೊಂದಕ್ಕ ಹಚ್ಚೀರಿ." ಮೊದಲ ಸಲ ಅವರ ಮೀಸೆಯ ಕೆಳಗೆ ನಗು ಸುಳಿಯಿತು. ಠಸ್ಸೆ, ನಂಬರು, ತುಂಡು ಕೂಡಿಸಿದ ಉದ್ದ, ಎಲ್ಲವನ್ನೂ ಪಟ್ಟಿಗೆ ತಾಳೆ ನೋಡಿ ಒಂದೊಂದಕ್ಕೇ ಸಹಿ ಹಾಕುತ್ತ ಹೋದರು.

"ಹದಿನೇಳು?"

"ಇಲ್ರಿ."

"ಸುಟ್ಟಾರೇನು?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ಸುಟ್ಟಿಲ್ರಿ. ಎಲ್ಲೈತಿ ಗೊತ್ತೈತಿ. ತರಾಕ ಆಗೂದಿಲ್ಲ" ಅಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಪೆನ್ಸಿಲಿನ ತುದಿ ಕಚ್ಚುತ್ತ ಕೇಳಿದರು. "ಶಿಪಾಯಿ ಕಳಿಸಿ ತರಸಲೇನು?"

"ನಿಮ್ಮ ಮರ್ಜಿ ಸಾಹೇಬ್ರ. ನಾ ಮಾತ್ರ ಹಾದಿ ಹೇಳಾಂಗಿಲ್ಲ."

ಮಾಸ್ತರರು ನನ್ನ ಅಂಗಿ ಜಗ್ಗಿದರು. ಸಾಹೇಬರು ಇಪ್ಪತ್ಮೂರಕ್ಕೆ ಪಾಸು ಬರೆದರು. ಹದಿನೇಳನೆಯದಕ್ಕೆ, ಗುರುತು ಸಿಕ್ಕಿಲ್ಲ, ಸರಕಾರದ ವಶ ಎಂದು ಬರೆದರು. ಕಳವಿನದು ಎಂದು ಬರೆಯಲಿಲ್ಲ. ಖಟ್ಲೆಯ ಮಾತು ಅಲ್ಲಿಗೆ ಮುಗಿಯಿತು.

ಸಾವ್ಕಾರರು ಚಕ್ಕಡಿಗಳ ಜೊತೆ ತಾವೇ ಬಂದರು. ನಡೆದದ್ದನ್ನೆಲ್ಲ ಕೇಳಿ ಉದ್ದದ ದಿಮ್ಮಿ ಹೋದದ್ದಕ್ಕೆ ಸಿಟ್ಟಾದರು, ಆಗಬೇಕಾದದ್ದೇ. ದೊಡ್ಡ ಸಾಲೆಯ ಮುಂಬಾಗಿಲಿಗೆಂದು ಅದನ್ನು ಮನಸ್ಸಿನಲ್ಲಿ ಇಟ್ಟಿದ್ದರಂತೆ.

"ಅಲ್ಲೊಂದು ಚಲೋ ಕಲ್ಲ ಇಟ್ಟು ಆ ತುಂಡ ತರಾಕ ಬರತಿತ್ತಲ್ಲೋ. ಅಂವಾ ಒಲ್ಲೆ ಅಂದನೇನು?"

"ಕೊಡಾಕ ತಯಾರಿದ್ದನ್ರಿ. ನಂಗ ತಗೊಳ್ಳಾಕ ಆಗಲಿಲ್ಲ."

ಅವರು ಚಕ್ಕಡಿಗೆ ಹಗ್ಗ ಬಿಗಿಯುವುದನ್ನು ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು, "ನಿನ್ನ ಹೇಣ್ತಿದು ಎಲ್ಲೈತಿ?"

"ನಮ್ಮ ಹೊಲದಾಗ್ರಿ."

"ಹೋಗಿದ್ದೇನು?"

ಇಲ್ಲ ಎಂದು ತಲೆಯಾಡಿಸಿದೆ. ಚಕ್ಕಡಿಗಳು ಹೋದವು.

ಜಪ್ತಿಯಾದ ಮಾಲನ್ನು ಯಾರಾದರೂ ಸುಪರ್ದಿಗೆ ತೆಗೆದುಕೊಂಡು ಸಹಿ ಮಾಡಬೇಕು. ನಾನೇ ಮಾಡಿದ್ದೆ. ಸರಕಾರದ ಬಂಡಿ ಬರುವತನಕ ಒಂದೇ ಒಂದು ದಿಮ್ಮಿಯನ್ನು ಕಾಯುತ್ತ ಆ ಅಂಗಳದಲ್ಲಿ ಇನ್ನೂ ಎರಡು ತಿಂಗಳು ಉಳಿದೆ. ಈಗ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ, ಯಾರೂ ಬರಲೂ ಇಲ್ಲ. ಮಾಸ್ತರರ ಜೊತೆ ಎಷ್ಟೆಂದು ಮಾತಾಡುವುದು. ಮಳೆ ಚಲೋ ಆಯಿತು. ಬಂಡಿ ಬಂದು ದಿಮ್ಮಿ ಒಯ್ದ ಮಾರನೆಯ ದಿನ ಡಫಳಾಪುರಕ್ಕೆ ಹೋದೆ. ಮನೆಯೊಳಗೂ ಹೋಗದೆ ಅಣ್ಣನನ್ನು ಕರೆದುಕೊಂಡು ಹೊಲಕ್ಕೆ ನಡೆದೆ.

ಬದು ಕಿತ್ತು ಈ ಸಲ ಹೊಲ ಅಗಲ ಮಾಡಿ ಬಿತ್ತಿದ್ದರು. ಅಣ್ಣ ಬನ್ನಿಗಿಡದಿಂದ ಹೆಜ್ಜೆ ಎಣಿಸುತ್ತ ಹೋಗಿ ಒಂದು ಕಡೆ ನಿಂತು, "ಇಲ್ಲೇ ಇರಬೇಕು" ಅಂದ. ನಾನು ಕೂರುವಷ್ಟರಲ್ಲಿ, "ತಡಿ ತಡಿ" ಎಂದು ಇನ್ನೂ ನಾಲ್ಕು ಹೆಜ್ಜೆ ಆಚೆ ಹೋದ. "ಇಲ್ಲಿರಬೇಕು ನೋಡು. ನೀನೂ ಇದ್ದೆಲ್ಲ ಆವತ್ತ, ನಿನಗ ನೆಪ್ಪಿಲ್ಲೇನು?"

ನನಗೆ ನೆನಪಿರಲಿಲ್ಲ. ಅವನು ತೋರಿಸಿದ ಎರಡೂ ಕಡೆ ಸಜ್ಜೆ ಮೊಣಕಾಲೆತ್ತರಕ್ಕೆ ಬಂದಿತ್ತು.